ಕೆನಡಾದ ಕತೆಗಳು: ಎಲ್ಲಿಂದ ಶುರು ಮಾಡಬೇಕು?

ಟೊರೊಂಟೊಗೆ ಬಂದು ಎರಡು ತಿಂಗಳಾಯಿತು, ಇಲ್ಲಿನವರನ್ನು ಇವರ ಪುಸ್ತಕಗಳಿಂದಲೇ ತಿಳಿಯೋಣ ಅಂತ ಮಾರ್ಗರೆಟ್ ಆಟ್‌ವುಡ್ ಅವರ ‘ದ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿ ಓದಿದರೆ ಕೆನಡಾನೇ ಸಿಗಲಿಲ್ಲ ಅಂದಿದ್ದೀರಿ. ಹೇಗೆ ಸಿಗುತ್ತೆ? ಆ ಕಾದಂಬರಿ ನಡೆಯುವುದು ಅಮೆರಿಕದಲ್ಲಿ. ಕೆನಡಾ ಅದರಲ್ಲಿ ತಪ್ಪಿಸಿಕೊಂಡು ಓಡುವವರು ಸೇರಬೇಕಾದ ಜಾಗ, ಅಷ್ಟೇ. ಹೊಸಬರಿಗೆ ಕೊಡುವ ಪಟ್ಟಿಯಲ್ಲೆಲ್ಲ ಅದನ್ನೇ ಮೊದಲು ಯಾಕೆ ಹಾಕುತ್ತಾರೋ! ಕಾದಂಬರಿ ಸದ್ಯಕ್ಕೆ ಬದಿಗಿರಲಿ, ಸಣ್ಣ ಕತೆ ಹಿಡಿಯಿರಿ.

ಮೊದಲು ರೋಹಿಂಟನ್ ಮಿಸ್ತ್ರಿ. 1975ರಲ್ಲಿ ಮುಂಬೈಯಿಂದ ಬಂದು, ಟೊರೊಂಟೊದಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡು ಬರೆಯತೊಡಗಿದವರು. 1987ರ ‘ಟೇಲ್ಸ್ ಫ್ರಮ್ ಫಿರೋಜ್‌ಷಾ ಬಾಗ್’ನಲ್ಲಿ 11 ಕತೆಗಳಿವೆ, ಒಂದು ಪಾರ್ಸಿ ವಸತಿಯ ಸುತ್ತಮುತ್ತಲಿನವು. ಕೊನೆಯ ‘ಸ್ವಿಮ್ಮಿಂಗ್ ಲೆಸನ್ಸ್’ ಟೊರೊಂಟೊದ ಅಪಾರ್ಟ್‌ಮೆಂಟಿನಲ್ಲಿ ನಡೆಯುತ್ತದೆ ಅಂತ ನೇರ ಅದಕ್ಕೇ ಹಾರಬೇಡಿ. ನಡುನಡುವೆ ಓರೆ ಅಕ್ಷರದಲ್ಲಿ ಮುಂಬೈಯ ಅಪ್ಪ ಅಮ್ಮ ಬಂದು, ಮಗ ಅಂಚೆಯಲ್ಲಿ ಕಳಿಸಿದ ಕತೆಗಳ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಅವು ನಿಮ್ಮ ಕೈಯಲ್ಲಿರುವ ಪುಸ್ತಕದವೇ. ಹಿಂದಿನ ಹತ್ತು ಓದದಿದ್ದರೆ ಆ ಮಜಾ ಇಲ್ಲ.

ಆಮೇಲೆ ಆಲಿಸ್ ಮನ್ರೋ. ಬಹಳ ಜನ ಎಡವುವುದು ಇಲ್ಲೇ. 2013ರಲ್ಲಿ ನೊಬೆಲ್ ಬಂತಲ್ಲ ಅಂತ ಕೊನೆಕೊನೆಯ ಸಂಕಲನ ತರುತ್ತಾರೆ. ಒಂದು ಸಾಲಿನ ಜಾಗ ಖಾಲಿ ಬಿಟ್ಟ ಕಡೆ ಇಪ್ಪತ್ತು ಮೂವತ್ತು ವರ್ಷ ಕಳೆದುಹೋದದ್ದು ಗೊತ್ತಾಗುವುದಿಲ್ಲ. ಏನೂ ನಡೆಯೋದೇ ಇಲ್ಲ ಅಂತ ಮುಚ್ಚಿಡುತ್ತಾರೆ. ನೀವು 1968ರ ಮೊದಲ ಸಂಕಲನ ‘ಡಾನ್ಸ್ ಆಫ್ ದ ಹ್ಯಾಪಿ ಶೇಡ್ಸ್’ ತನ್ನಿ, ಅದರ ಮೊದಲ ಕತೆ ‘ವಾಕರ್ ಬ್ರದರ್ಸ್ ಕೌಬಾಯ್’ ಓದಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ನರಿ ಸಾಕಣೆ ಮುಳುಗಿ ಮನೆಮನೆಗೆ ಔಷಧಿ, ಮಸಾಲೆ ಮಾರುವ ಅಪ್ಪ, ಮಕ್ಕಳನ್ನು ಕಾರಲ್ಲಿ ಕೂರಿಸಿಕೊಂಡು ಹಳೆಯ ಗೆಳತಿಯ ಮನೆಗೆ ಹೋಗುತ್ತಾನೆ. ಒಂದಿಷ್ಟು ವಿಸ್ಕಿ, ಗ್ರಾಮಫೋನು, ಕುಣಿತ. ಆ ಮನೆಯ ಗೋಡೆಯಲ್ಲಿ ಯೇಸುವಿನ ತಾಯಿ ಮೇರಿಯ ಚಿತ್ರ ಕತೆ ಹೇಳುವ ಹುಡುಗಿಯ ಕಣ್ಣಿಗೆ ಬೀಳುವ ಸಾಲನ್ನು ಮಾತ್ರ ಓಡಿಸಿಕೊಂಡು ಹೋಗಬೇಡಿ. ಆ ಗೆಳತಿ ಕ್ಯಾಥೊಲಿಕ್, ಅಪ್ಪನ ಕಡೆಯವರು ಪ್ರಾಟೆಸ್ಟೆಂಟ್. ನಾಮವೋ ವಿಭೂತಿಯೋ ನೋಡಿದರೆ ನಮಗೆ ಅರ್ಥವಾಗುವ ಹಾಗೆ, ಹಳೆಯ ಕಾಲದ ಒಂಟಾರಿಯೋ ಪ್ರಾಂತ್ಯದವರಿಗೆ ಆ ಚಿತ್ರ ಒಂದೇ ಸಾಕು; ಇವರಿಬ್ಬರ ಮದುವೆ ಯಾಕಾಗಲಿಲ್ಲ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಮನ್ರೋ ಕತೆ ಒಂದು ಸಲಕ್ಕೆ ಒಂದೇ ಓದಿ. ಒಂದು ಚೀಟಿಯಲ್ಲಿ ಯಾರಿಗೆ ಯಾವಾಗ ಎಷ್ಟು ವಯಸ್ಸು ಅಂತ ಬರೆದುಕೊಳ್ಳಿ. ಮುಗಿದ ತಕ್ಷಣ ಮೊದಲ ಎರಡು ಪುಟ ಮತ್ತೆ ಓದಿ. ಅರ್ಧ ಕತೆ ತೆರೆದುಕೊಳ್ಳುವುದೇ ಆಗ.

ಪೂರ್ವ ಕರಾವಳಿಯ ಕೇಪ್ ಬ್ರೆಟನ್ ದ್ವೀಪದ ಕಡೆಯ ಬದುಕಿಗೆ ಅಲಿಸ್ಟೇರ್ ಮೆಕ್ಲಾಡ್. 2000ದಲ್ಲಿ ಬಂದ ‘ಐಲೆಂಡ್’ ಒಂದಿದ್ದರೆ ಅಲ್ಲಿಯವರೆಗಿನ ಅವರ 16 ಕತೆಗಳೂ ಸಿಕ್ಕ ಹಾಗೆ. ‘ದ ಬೋಟ್’ ಕತೆಯ ಮೀನುಗಾರ ಅಪ್ಪನಿಗೆ ಓದಿನ ಹುಚ್ಚು, ಅಮ್ಮನಿಗೆ ಪುಸ್ತಕ ಕಂಡರಾಗದು. ಚರ್ಮ ಉಜ್ಜಿಹೋಗದಿರಲಿ ಅಂತ ಅವನು ಎರಡೂ ಮಣಿಕಟ್ಟಿಗೆ ಹಿತ್ತಾಳೆ ಸರಪಳಿ ಹಾಕಿಕೊಂಡಿರುತ್ತಾನೆ; ಅದನ್ನು ನೆನಪಿಟ್ಟುಕೊಂಡು ಓದಿ.

ಈಚಿನವರಲ್ಲಿ ಸುವಂಕಮ್ ತಮ್ಮವಾಂಗ್ಸಾ. ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿ ಗಿಲ್ಲರ್ ಅನ್ನು 2020ರಲ್ಲಿ ಪಡೆದ ‘ಹೌ ಟು ಪ್ರನೌನ್ಸ್ ನೈಫ್’ನ ಕತೆಗಳು ಚಿಕ್ಕವು, ಟ್ರೈನಿನಲ್ಲಿ ಓದಿ ಮುಗಿಸಬಹುದು.

ಯಾವುದನ್ನೂ ಕೊಳ್ಳಬೇಕಿಲ್ಲ. ಗುರುತಿನ ಚೀಟಿ, ವಿಳಾಸದ ಪುರಾವೆ (ಬಾಡಿಗೆ ಕರಾರು ಆದೀತು) ಒಯ್ದರೆ ಟೊರೊಂಟೊ ಪಬ್ಲಿಕ್ ಲೈಬ್ರರಿ ಕಾರ್ಡು ಪುಕ್ಕಟೆ. ಆನ್‌ಲೈನಿನಲ್ಲಿ ‘ಹೋಲ್ಡ್’ ಹಾಕಿ (ಅಂದರೆ ಪುಸ್ತಕ ಕಾಯ್ದಿರಿಸಿ), ಮನೆ ಹತ್ತಿರದ ಶಾಖೆ ಆರಿಸಿದರೆ ಪುಸ್ತಕ ಅಲ್ಲಿಗೇ ಬರುತ್ತದೆ. ಲೈಬ್ರರಿಯ ಇ-ಪುಸ್ತಕ ಎರವಲು ಪಡೆಯುವ ಲಿಬ್ಬಿ ಆ್ಯಪಿನಲ್ಲಿ ಇ-ಪುಸ್ತಕಕ್ಕೂ ಸರತಿ ಇರುತ್ತದೆ, ಲೈಸೆನ್ಸ್ ಇರುವಷ್ಟೇ ಪ್ರತಿ. ಹಳೆಯ ಸಂಕಲನವಾದರೆ ಅಚ್ಚಿನ ಪ್ರತಿಯನ್ನೂ ಹುಡುಕಿ, ಎಷ್ಟೋ ಸಲ ಅದೇ ಬೇಗ ಸಿಗುತ್ತದೆ. ಹೊಸ ಪುಸ್ತಕ ಬೇಕಿದ್ದರೆ ಸೆಪ್ಟೆಂಬರಿನಲ್ಲಿ ಗಿಲ್ಲರ್‌ನ ಮೊದಲ ಪಟ್ಟಿ ಬಂದ ದಿನವೇ ಹೋಲ್ಡ್ ಹಾಕಿಬಿಡಿ. ನವೆಂಬರಿನಲ್ಲಿ ಪ್ರಶಸ್ತಿ ಘೋಷಣೆಯಾದ ಮೇಲೆ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.