ಆಮ್‌ಸ್ಟರ್‌ಡ್ಯಾಮ್: ಐದು ಗ್ರಾಮಿನ ಸಲುಗೆ

(ಪ್ರವಾಸದ ಸೀಸನ್ ಶುರುವಾಗುತ್ತಿದ್ದಂತೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಊರಿನ, ಒಂದೇ ಸಂಗತಿಯ ಬಗ್ಗೆ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ ಈ ಬಾರಿ ಅವನ್ನೇ ಎತ್ತಿಕೊಂಡಿದ್ದಾರೆ.)

ಜೂನ್‌ನಲ್ಲಿ ನಾವೊಂದಿಷ್ಟು ಗೆಳೆಯರು ಯುರೋಪ್ ಟೂರ್ ಹೊರಟಿದ್ದೇವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಗಾಂಜಾ ಲೀಗಲ್ ಅಂತಾರಲ್ಲ ಮೇಡಂ, ಪೊಲೀಸರ ಎದುರಿಗೇ ಸೇದಬಹುದಾ? ನೇರವಾಗಿ ಹೇಳಿ, ಬೈಬೇಡಿ.
— ಹೆಸರು ಬೇಡ, ಹುಬ್ಬಳ್ಳಿ

ಬೈಯೋದಿಲ್ಲ. ಆದರೆ ಆ ‘ಲೀಗಲ್’ ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಂಜಾ ಇವತ್ತಿಗೂ ಕಾನೂನಿನ ಪ್ರಕಾರ ನಿಷಿದ್ಧವೇ. 1976ರಲ್ಲಿ ಇಲ್ಲಿನವರು ತಮ್ಮ ಅಫೀಮು ಕಾಯ್ದೆಯನ್ನು ತಿದ್ದಿ, ಹೆರಾಯಿನ್, ಕೊಕೇನ್ ಥರದವನ್ನು ಒಂದು ಪಟ್ಟಿಗೂ ಗಾಂಜಾ, ಚರಸ್‌ಗಳನ್ನು ಇನ್ನೊಂದು ಪಟ್ಟಿಗೂ ಹಾಕಿದರು. ಹೇಗೂ ಸೇದುವ ಹುಡುಗರು ಹೆರಾಯಿನ್ ಮಾರುವವನ ಬಳಿ ಹೋಗದಿರಲಿ ಎಂಬುದು ಲೆಕ್ಕಾಚಾರ. ಆ ಎರಡನೇ ಪಟ್ಟಿಯ ಮಾಲನ್ನು ಕಾಫಿಶಾಪ್ ಎಂಬ ಅಂಗಡಿಗಳು ಮಾರಿದರೆ ಸರ್ಕಾರ ಕಂಡೂ ಕಾಣದ ಹಾಗೆ ಇರುತ್ತದೆ, ಷರತ್ತು ಮುರಿಯದಿದ್ದರೆ ಮಾತ್ರ. ಒಬ್ಬ ಗಿರಾಕಿಗೆ ದಿನಕ್ಕೆ ಐದು ಗ್ರಾಮ್. ಹದಿನೆಂಟು ತುಂಬದವರಿಗೆ ಒಳಗೇ ಪ್ರವೇಶವಿಲ್ಲ, ಅದಕ್ಕೇ ಪಾಸ್‌ಪೋರ್ಟ್ ಜೇಬಲ್ಲಿರಲಿ. ಮದ್ಯ ಇಟ್ಟುಕೊಳ್ಳುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ, ಅಂಗಡಿಯಲ್ಲಿ 500 ಗ್ರಾಮಿಗಿಂತ ಹೆಚ್ಚು ದಾಸ್ತಾನು ಇರುವಂತಿಲ್ಲ.

ಇದರಲ್ಲೊಂದು ತಮಾಷೆ ಇದೆ. ಮುಂಬಾಗಿಲಲ್ಲಿ ಮಾರುವುದಕ್ಕೆ ಸಲುಗೆ ಉಂಟು. ಹಿಂಬಾಗಿಲಲ್ಲಿ ಅದೇ ಮಾಲನ್ನು ಕೊಳ್ಳುವುದಕ್ಕೆ, ಬೆಳೆಯುವವನು ಬೆಳೆಯುವುದಕ್ಕೆ ಇಲ್ಲ! ಅಂಗಡಿಯವನು ತೆರಿಗೆ ಕಟ್ಟುತ್ತಾನೆ, ಆದರೆ ಮಾಲು ಬಂದದ್ದು ಮಾತ್ರ ಕಳ್ಳದಾರಿಯಲ್ಲಿ. ಈ ಗೊಂದಲ ಬಗೆಹರಿಸಲು 2023ರ ಡಿಸೆಂಬರ್‌ನಲ್ಲಿ ಬ್ರೇಡಾ, ಟಿಲ್‌ಬರ್ಗ್ ಊರುಗಳಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಬೆಳೆಸಿದ ಗಾಂಜಾ ಮಾರುವ ಪ್ರಯೋಗ ಶುರುವಾಯಿತು, ಈಗ ಅದು ಹತ್ತು ಊರುಗಳಿಗೆ ಹಬ್ಬಿದೆ. ಆಮ್‌ಸ್ಟರ್‌ಡ್ಯಾಮ್ ಆ ಹತ್ತರಲ್ಲಿಲ್ಲ.

ಇನ್ನು ನಿಮ್ಮ ‘ಪೊಲೀಸರ ಎದುರಿಗೇ’. ಕೆಂಪುದೀಪದ ಓಣಿಗಳಿರುವ ಹಳೇ ಪೇಟೆ, ಡೆ ವಾಲನ್ ಅಂತ, ಅಲ್ಲಿನ ಬೀದಿಗಳಲ್ಲಿ 2023ರ ಮೇ ತಿಂಗಳಿಂದ ಸೇದುವುದಕ್ಕೆ ನಿಷೇಧ. ಸಿಕ್ಕಿಬಿದ್ದರೆ ನೂರು ಯೂರೋ ದಂಡ. ಟೂರಿಸ್ಟರು ನೆಟ್ಟಗೆ ಹೋಗಿ ನಿಲ್ಲುವುದೂ ಅಲ್ಲೇ. ಮೇಲಿನ ಮನೆಗಳಲ್ಲಿ ಸಂಸಾರಗಳಿವೆ ಮಾರಾಯ್ರೇ, ಮಕ್ಕಳು ಮಲಗುವ ಹೊತ್ತಿಗೆ ಕಿಟಕಿ ಕೆಳಗೆ ಹೊಗೆ, ಕೂಗಾಟ, ವಾಂತಿ. ಅದಕ್ಕೇ ಅದೇ ವರ್ಷ ನಗರಸಭೆ ‘ಮೋಜಿಗೆ ಬರುವ ಹಾಗಿದ್ದರೆ ಬರಲೇಬೇಡಿ’ ಎಂದು ಬ್ರಿಟಿಷ್ ಹುಡುಗರಿಗಾಗಿಯೇ ಪ್ರಚಾರ ಮಾಡಿತು. 2021ರಲ್ಲಿ ಮೇಯರ್ ಫೆಮ್ಕೆ ಹಾಲ್ಸೆಮಾ ಹೊರದೇಶದವರಿಗೆ ಕಾಫಿಶಾಪನ್ನೇ ಮುಚ್ಚಬೇಕೆಂದು ಹೊರಟಿದ್ದರು, ಕೌನ್ಸಿಲ್ ಒಪ್ಪಲಿಲ್ಲ. ‘ನಿವಾಸಿಗಳಿಗೆ ಮಾತ್ರ’ ಎಂಬ ನಿಯಮ ಕಾಗದದ ಮೇಲೆ ದೇಶಕ್ಕೆಲ್ಲ ಇದೆ, ಆಮ್‌ಸ್ಟರ್‌ಡ್ಯಾಮ್ ಅದನ್ನು ಜಾರಿ ಮಾಡಿಲ್ಲ ಅಷ್ಟೆ. ಮಾಸ್ಟ್ರಿಕ್ಟ್‌ನಲ್ಲಿ ಮಾಡಿದ್ದಾರೆ, ಅಲ್ಲಿ ನಿಮ್ಮನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಕಡೆಯದಾಗಿ, ಬೀದಿಯಲ್ಲಿ ಪಕ್ಕಕ್ಕೆ ಬಂದು ‘ಕೊಕೇನ್, ಕೊಕೇನ್’ ಎಂದು ಪಿಸುಗುಟ್ಟುವವನ ಮುಖವನ್ನೂ ನೋಡಬೇಡಿ. 2014ರಲ್ಲಿ ಹಾಗೆ ಕೊಂಡದ್ದು ಬಿಳಿ ಹೆರಾಯಿನ್ ಆಗಿತ್ತು, ಪ್ರವಾಸಿಗರು ಸತ್ತರು, ನಗರದವರು ರಸ್ತೆಯಲ್ಲಿ ಎಚ್ಚರಿಕೆಯ ಬೋರ್ಡು ನಿಲ್ಲಿಸಬೇಕಾಯಿತು.

ನಾನು ಸಿಗರೇಟು ಸೇದುವವನಲ್ಲ. ಗಾಂಜಾ ಬೆರೆಸಿದ ಸ್ಪೇಸ್ ಕೇಕ್ ತಿಂದರೆ ಏನೂ ಆಗಲ್ಲ, ಅದು ಲೈಟು ಅಂತ ಫ್ರೆಂಡ್ ಹೇಳ್ತಾನೆ. ಹೌದಾ?
— ಆರ್.ಕೆ., ಬೆಂಗಳೂರು

ಪ್ರವಾಸಿಗರು ಹೆಚ್ಚು ಮುಗ್ಗರಿಸುವುದು ಇಲ್ಲೇ. ಹೊಗೆ ಎಳೆದರೆ ಕೆಲವೇ ನಿಮಿಷಕ್ಕೆ ಗೊತ್ತಾಗುತ್ತದೆ, ಸಾಕೆನಿಸಿದರೆ ನಿಲ್ಲಿಸಬಹುದು. ಕೇಕು ಹೊಟ್ಟೆ, ಲಿವರ್ ಎಲ್ಲ ಸುತ್ತಿ ಬರಬೇಕು. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಏರಿದ ಮೇಲೆ ಗಂಟೆಗಟ್ಟಲೆ ಇಳಿಯುವುದೇ ಇಲ್ಲ.

ನಮ್ಮ ಮನೆಯವರ ಕಡೆಯ ಹುಡುಗನೊಬ್ಬ ಬಂದಿದ್ದ. ಮಧ್ಯಾಹ್ನ ಒಂದು ತುಂಡು ತಿಂದನಂತೆ, ಮುಕ್ಕಾಲು ಗಂಟೆ ಕಾದು ‘ದುಡ್ಡು ದಂಡ’ ಅಂದುಕೊಂಡು ಇನ್ನೊಂದು ತುಂಡು. ಸಂಜೆ ನಮ್ಮ ಬಚ್ಚಲಿನ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಬಕೆಟ್ಟಿನ ಅಂಚು ಹಿಡಿದುಕೊಂಡು, ‘ಅತ್ತಿಗೆ, ನನ್ನ ಎದೆ ನಿಂತೋಯ್ತು, ಅಮ್ಮಂಗೆ ಫೋನ್ ಮಾಡಿ’ ಅಂತ ಒಂದೇ ಸಮ ಹೇಳುತ್ತಿದ್ದ. ನಿಂತಿರಲಿಲ್ಲ, ನಾಡಿ ಕುದುರೆ ಓಡಿದ ಹಾಗೆ ಓಡುತ್ತಿತ್ತು. ನೀರು ಕುಡಿಸಿ, ದೀಪ ಮಂದ ಮಾಡಿ, ಪಕ್ಕದಲ್ಲಿ ಕೂತೆ. ಅಮ್ಮನಿಗೆ ಫೋನ್ ಮಾಡಲಿಲ್ಲ.

ತಿನ್ನಲೇಬೇಕೆಂದಿದ್ದರೆ ಕಾಲು ತುಂಡು, ಆಮೇಲೆ ಎರಡು ಗಂಟೆ ಸುಮ್ಮನಿರುವುದು. ಜೊತೆಗೆ ಬಿಯರ್ ಬೇಡ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ 112ಕ್ಕೆ ಕರೆ ಮಾಡಿ, ಏನು ತಿಂದಿರೆಂದು ಮುಚ್ಚಿಡದೆ ಹೇಳಿ. ಬಾಡಿಗೆ ಸೈಕಲ್ ಮುಟ್ಟಬೇಡಿ, ಮತ್ತಿನಲ್ಲಿ ಸೈಕಲ್ ತುಳಿಯುವುದೂ ಇಲ್ಲಿ ಅಪರಾಧ. ಮತ್ತೆ, ಸಿಗರೇಟು ಸೇದದವರು ಕೇಳಿಸಿಕೊಳ್ಳಿ: ಸುತ್ತಿಟ್ಟು ಮಾರುವ ಜಾಯಿಂಟ್, ಅಂದರೆ ಗಾಂಜಾ ಸಿಗರೇಟುಗಳಲ್ಲಿ ಸಾಮಾನ್ಯವಾಗಿ ತಂಬಾಕು ಬೆರೆಸಿರುತ್ತಾರೆ.

ಮಗ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಂಥ ದೇಶದಲ್ಲಿ ಹುಡುಗರು ಕೆಟ್ಟೇ ಹೋಗುತ್ತಾರೆ ಎಂದು ಬಂಧುಗಳು ಹೆದರಿಸುತ್ತಾರೆ. ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಅಮ್ಮ, ನಿಮ್ಮ ಬಂಧುಗಳು ದಾವಣಗೆರೆಯ ಕಾಲೇಜುಗಳ ಹಿಂದಿನ ಗಲ್ಲಿಗಳನ್ನು ನೋಡಿಲ್ಲವೇನೋ. ಆಮ್‌ಸ್ಟರ್‌ಡ್ಯಾಮಿನ ನಡುಪೇಟೆಯ ಕಾಫಿಶಾಪ್ ಮುಂದೆ ಸಾಲು ನಿಂತವರಲ್ಲಿ ನನ್ನ ಕಿವಿಗೆ ಡಚ್ ಬೀಳುವುದು ಕಡಿಮೆ. ಇಂಗ್ಲಿಷ್, ಫ್ರೆಂಚ್, ಇತ್ತೀಚೆಗೆ ಹಿಂದಿ, ಒಮ್ಮೊಮ್ಮೆ ನಮ್ಮ ಕನ್ನಡವೂ. ಇಲ್ಲಿಯೇ ಬೆಳೆದ ಮಕ್ಕಳಿಗೆ ಅದು ಬೀದಿಯ ಇನ್ನೊಂದು ಅಂಗಡಿ. ಬಂಧುಗಳನ್ನು ಬಿಡಿ, ಮಗನನ್ನೇ ಕೇಳಿ. ವಿಡಿಯೋ ಕಾಲ್‌ನಲ್ಲಿ ಊಟ ಆಯ್ತಾ ಎಂದು ಕೇಳಿದಷ್ಟೇ ಸಲೀಸಾಗಿ ಕೇಳಿ. ಅವನು ಸೇದಿದ್ದೇನೆ ಎಂದರೂ ಕೂಗಾಡಬೇಡಿ. ಕ್ಲಾಸಿಗೆ ಹೋಗುತ್ತಿದ್ದಾನಾ, ನಿದ್ದೆ ಮಾಡುತ್ತಿದ್ದಾನಾ, ದಿನಾ ಬೇಕೆನ್ನಿಸುತ್ತಿದೆಯಾ ಎಂದು ವಿಚಾರಿಸಿ. ದಿನಾ ಬೇಕಾಗಿದ್ದರೆ ಅಲ್ಲಿನ ವೈದ್ಯರನ್ನು ನೋಡಲು ಹೇಳಿ.

ಆಮ್‌ಸ್ಟರ್‌ಡ್ಯಾಮಿನ ಹೂವಿನ ಮಾರುಕಟ್ಟೆಯಲ್ಲಿ ಗಾಂಜಾ ಬೀಜದ ಡಬ್ಬಿ, ಎಲೆ ಚಿತ್ರದ ಲಾಲಿಪಾಪ್ ಮಾರುತ್ತಾರಂತೆ. ಗೆಳೆಯರಿಗೆ ತರಬಹುದೇ? ನಮ್ಮದು ದುಬೈ ಮೂಲಕ ಬರುವ ವಿಮಾನ.
— ಪಿ.ಎಂ., ಮಂಗಳೂರು

ಬೇಡ. ಸಿಂಗಲ್ ಎಂಬ ಕಾಲುವೆಯ ಆ ಮಾರುಕಟ್ಟೆಯಲ್ಲಿ ಡಬ್ಬಿಗಳು ಟ್ಯುಲಿಪ್ ಗಡ್ಡೆಯ ಪಕ್ಕದಲ್ಲೇ ರಾಜಾರೋಷವಾಗಿ ಕೂತಿರುತ್ತವೆ, ಅದು ನಿಜ. ಲಾಲಿಪಾಪ್‌ನಲ್ಲಿ ಬಹುಮಟ್ಟಿಗೆ ಸಕ್ಕರೆ, ವಾಸನೆ ಬಿಟ್ಟರೆ ಏನೂ ಇಲ್ಲ. ಆದರೆ ಕಸ್ಟಮ್ಸ್‌ನವನಿಗೆ ಅದನ್ನು ನೀವು ಯಾವ ಬಾಯಲ್ಲಿ ವಿವರಿಸುತ್ತೀರಿ? ಅಸಲಿ ಮಾಲಂತೂ ಒಂದು ಚಿಟಿಕೆಯೂ ಬೇಡ. ನಮ್ಮ 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಲ್ಲಿ ‘ಅಲ್ಪ ಪ್ರಮಾಣ’ಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು. ದುಬೈ ಇನ್ನೂ ಬಿಗಿ, ರಕ್ತದಲ್ಲೋ ಮೂತ್ರದಲ್ಲೋ ಅಂಶ ಸಿಕ್ಕರೂ ಕೇಸು. ಹಾಕಿಕೊಂಡ ಜಾಕೆಟ್ಟಿನ ಜೇಬನ್ನು ಹೊರಡುವ ಮುಂಚೆ ಕೊಡವಿಕೊಳ್ಳಿ.

ನನಗೂ ಶ್ರೀಮತಿಗೂ ಇದ್ಯಾವುದೂ ಬೇಡ. ಒಂದು ಒಳ್ಳೆಯ ಕಾಫಿ ಬೇಕು. ತಪ್ಪು ಅಂಗಡಿಗೆ ನುಗ್ಗಿಬಿಟ್ಟರೆ?
— ನಿವೃತ್ತ ಮೇಷ್ಟ್ರು, ಶಿವಮೊಗ್ಗ

ನುಗ್ಗಿದರೂ ಯಾರೂ ಏನೂ ಅನ್ನುವುದಿಲ್ಲ, ವಾಸನೆಗೇ ಗೊತ್ತಾಗುತ್ತದೆ ಸರ್. ಕಾಫಿಶಾಪ್‌ಗಳ ಕಿಟಕಿಯಲ್ಲಿ ಹಸಿರು-ಬಿಳಿ ಸ್ಟಿಕ್ಕರ್ ಇರುತ್ತದೆ. ನೀವು ‘ಕೆಫೆ’ ಎಂದು ಬರೆದಿರುವ ಕಡೆ ಹೋಗಿ, ‘ಕೊಫಿ ಫರ್‌ಕೇರ್ಟ್’ ಕೊಡಿ ಅನ್ನಿ. ಅರ್ಧಕ್ಕರ್ಧ ಹಾಲು, ಜೊತೆಗೊಂದು ಪುಟ್ಟ ಬಿಸ್ಕತ್ತು. ಡಿಕಾಕ್ಷನ್ ನಮ್ಮಷ್ಟು ಗಟ್ಟಿ ಇರೋದಿಲ್ಲ, ಸಕ್ಕರೆಯನ್ನು ನೀವೇ ಹಾಕಿಕೊಳ್ಳಬೇಕು.