ಅಂಚೆಚೀಟಿ ಸಂಗ್ರಹ ಶುರು ಮಾಡುವವರು ಯಾವ ಬಗೆಗಳನ್ನು ತಿಳಿದಿರಬೇಕು?

ಮಡಿಕೇರಿಯ ಮನೆಯ ಅಟ್ಟದಲ್ಲಿ ಅಜ್ಜನ ಹಳೇ ಕಾಗದಗಳು ಸಿಕ್ಕಿವೆ, ಮಗಳಿಗೆ ಅವುಗಳಿಂದಲೇ ಸಂಗ್ರಹ ಶುರು ಮಾಡಿಸಬೇಕು ಅಂದಿದ್ದೀರಿ. ಒಳ್ಳೆ ಆರಂಭ.

ಆ ಲಕೋಟೆಗಳ ಮೇಲೆ ಜಾಸ್ತಿ ಕಾಣೋದು ಡೆಫಿನಿಟಿವ್, ಅಂದರೆ ದಿನಬಳಕೆಯ ಚೀಟಿ. ಸಾಮಾನ್ಯವಾಗಿ ಚಿಕ್ಕದು, ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗುತ್ತದೆ.

ಮಜಾ ಇರೋದು ಸ್ಮರಣಾರ್ಥ ಚೀಟಿಗಳಲ್ಲಿ. ಒಬ್ಬ ವ್ಯಕ್ತಿಗೋ ಘಟನೆಗೋ ಅಂತ ತರುತ್ತಾರೆ, ಮಿತವಾಗಿ ಅಚ್ಚು ಹಾಕುತ್ತಾರೆ. ನಮ್ಮೂರಿನವರೇ ಆದ ಜನರಲ್ ತಿಮ್ಮಯ್ಯ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿದ್ದಾಗ 1965ರಲ್ಲಿ ತೀರಿಕೊಂಡರು. ಮರುವರ್ಷ ಆ ದೇಶವೇ ಅವರ ಚೀಟಿ ತಂದಿತು! ಕೊಡಗಿನ ಸಂಗ್ರಹಕ್ಕೆ ಮೊದಲು ಹುಡುಕಬೇಕಾದ್ದು ಅದು ಅಂತ ನನ್ನ ಲೆಕ್ಕ. ಆಮೇಲೆ ಭಾರತೀಯ ಅಂಚೆಯ 2017ರ ಕಾಫಿ ಚೀಟಿ, ಬೆಲೆ 100 ರೂಪಾಯಿ. ಉಜ್ಜಿದರೆ ಕಾಫಿ ಘಮ ಬರುವಂಥದ್ದು. ತೋಟದವರಿಗೆ ದುಡ್ಡು ಕೊಟ್ಟು ಕಾಫಿ ವಾಸನೆ, ತಮಾಷೆ ಅಲ್ವಾ?

ಚಿಕ್ಕ ಹಾಳೆಯಲ್ಲೇ ಚಿತ್ರದ ಜೊತೆ ಚೀಟಿ ಇದ್ದರೆ ಮಿನಿಯೇಚರ್ ಶೀಟ್. ಬಿಡುಗಡೆಯ ದಿನದ ಮುದ್ರೆ ಬಿದ್ದ ಲಕೋಟೆ ಫಸ್ಟ್ ಡೇ ಕವರ್. ನಿಮ್ಮದೇ ಫೋಟೋ ಹಾಕಿಸುವ ಮೈ ಸ್ಟಾಂಪ್ ಕೂಡ ಇದೆ, ಸುಮ್ನೆ ಖುಷಿಗೆ.

ಮುದ್ರೆಯಲ್ಲಿ ಊರು, ತಾರೀಕು ಸ್ಪಷ್ಟವಾಗಿದ್ದರೆ ಚೀಟಿ ಬಿಡಿಸಬೇಡಿ, ಲಕೋಟೆ ಸಮೇತ ಇಡಿ. ಬಳಸದ ಚೀಟಿಗಳ ಹಿಂದಿನ ಗೋಂದು ನಮ್ಮ ಮಳೆಗಾಲದ ತೇವಕ್ಕೆ ಆಲ್ಬಮ್ಮಿಗೇ ಅಂಟಿಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.