ರಾತ್ರಿ ಹನ್ನೊಂದರ ಮಂಡಕ್ಕಿ ಡಬ್ಬಿ

ನಾನು ಆಹಾರ ಸಲಹೆ ಕೊಡುವವಳು. ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ. ಹೆಸರು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುಜಾತಾ ಎಂದು ಕರೆಯುತ್ತೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟರು. "ಬರೀರಿ ಮೇಡಂ, ನನ್ನಂಥೋರು ಈ ಊರಲ್ಲಿ ಬಹಳ ಜನ ಇದ್ದಾರೆ" ಎಂದರು.

ಸುಜಾತಾ ಅವರಿಗೆ 39 ವರ್ಷ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಗಂಡ, ಅತ್ತೆ, ಒಬ್ಬಳು ಮಗಳು, ಒಬ್ಬ ಮಗ. ಎತ್ತರ 156 ಸೆಂ.ಮೀ., ತೂಕ 78 ಕೆ.ಜಿ. ದೀಪಾವಳಿ ಮುಗಿದ ವಾರ ನಾದಿನಿಯ ಜೊತೆ ಬಂದರು. ನಾದಿನಿ ಹೊರಗೆ ಕೂತರು. ಒಳಗೆ ಬಂದ ಸುಜಾತಾ ಬಹಳ ಹೊತ್ತು ಸೆರಗಿನ ಅಂಚು ಹಿಡಿದು ಸುಮ್ನೆ ಕೂತಿದ್ದರು. ಆಮೇಲೆ ಹೇಳಿದ ಮೊದಲ ಮಾತು ಇದು: "ನಾನು ನಮ್ಮನೇಲೇ ಕದ್ದು ತಿಂತೀನಿ ಮೇಡಂ."

ಎಲ್ಲರೂ ಮಲಗಿದ ಮೇಲೆ, ಹನ್ನೊಂದರ ಹೊತ್ತಿಗೆ, ಅಡುಗೆಮನೆಯ ಲೈಟ್ ಹಾಕದೆ ಮಂಡಕ್ಕಿ ಡಬ್ಬಿಗೆ ಕೈ ಹಾಕುತ್ತಾರೆ. ಮಂಡಕ್ಕಿ ಆದ ಮೇಲೆ ಶೇಂಗಾ. ಅದಾದ ಮೇಲೆ ಬೆಲ್ಲ, ಉಳಿದ ಹೋಳಿಗೆ, ಏನಿದೆಯೋ ಅದು. ಹೊಟ್ಟೆ ನೋಯುವವರೆಗೆ. ವಾರದಲ್ಲಿ ಐದು ರಾತ್ರಿ ಹೀಗೆ. ಒಂದು ರಾತ್ರಿ ನೀರು ಕುಡಿಯಲು ಎದ್ದ ಮಗ ಲೈಟ್ ಹಾಕಿದ. "ಅಮ್ಮ, ಏನ್ ಮಾಡ್ತಿದ್ದೀಯ?" ಎಂದು ಕೇಳಿದ. ಡಬ್ಬಿ ಸರಿಯಾಗಿ ಮುಚ್ಚಿದೆಯಾ ನೋಡ್ತಿದ್ದೆ ಅಂದರಂತೆ. ಹತ್ತು ವರ್ಷದ ಮಗನಿಗೆ ಸುಳ್ಳು ಹೇಳಿದೆನಲ್ಲ ಎಂಬ ಸಂಕಟವೇ ಅವರನ್ನು ನನ್ನ ಹತ್ತಿರ ಕರೆತಂದಿತ್ತು.

ಆ ದಿನ ರಾತ್ರಿ ಹನ್ನೊಂದರವರೆಗೆ ಏನೇನು ತಿಂದಿದ್ದಿರಿ ಎಂದು ಕೇಳಿದೆ. ಅವರು ತಲೆ ಎತ್ತಿ ನೋಡಿದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ. ಮಧ್ಯಾಹ್ನ ಒಂದು ಚಪಾತಿ, ಸೌತೆಕಾಯಿ. ಸಂಜೆ ಸಕ್ಕರೆ ಇಲ್ಲದ ಟೀ. ರಾತ್ರಿ ಒಂದು ಬಟ್ಟಲು ತರಕಾರಿ ಸೂಪು. ಅಷ್ಟೇ. ಇದರ ನಡುವೆ ಮನೆಯವರಿಗೆ ರೊಟ್ಟಿ ಬಡಿದು, ಮಕ್ಕಳಿಗೆ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟು, ಇಡೀ ದಿನ ಅಂಗಡಿಯಲ್ಲಿ ಕೆಲಸ ಮಾಡಿದ್ದರು.

"ಇದು ಕಳ್ಳತನ ಅಲ್ಲಮ್ಮ. ನಿಮಗೆ ಹಸಿವಾಗಿತ್ತು" ಎಂದೆ. ಆಗ ಅತ್ತರು.

ಎರಡನೇ ಭೇಟಿಗೆ ಒಂದು ನೋಟ್‌ಬುಕ್ ತಂದರು. ಲೆಕ್ಕ ಬರೆಯುವವರಲ್ಲವೇ, 2016ರಿಂದ ಮಾಡಿದ ಆರು ಡಯಟ್‌ಗಳ ವಿವರ ಗೆರೆ ಎಳೆದು ಬರೆದಿಟ್ಟಿದ್ದರು. ಜಿಎಂ ಡಯಟ್ (ಹೆಚ್ಚಾಗಿ ಹಣ್ಣು, ತರಕಾರಿ ತಿನ್ನುವುದು), 7 ದಿನ, 3 ಕೆ.ಜಿ. ಇಳಿಕೆ. ಕೀಟೊ (ಅನ್ನ, ರೊಟ್ಟಿ ಬಿಟ್ಟು ಹೆಚ್ಚಾಗಿ ಕೊಬ್ಬಿನ ಆಹಾರ ತಿನ್ನುವುದು), 40 ದಿನ, 6 ಕೆ.ಜಿ. ಇಳಿಕೆ. ರಾಗಿ ಗಂಜಿ ಮಾತ್ರ ಕುಡಿದದ್ದು, ಡಬ್ಬಿಯ ಪುಡಿ ಕದಡಿ ಕುಡಿದದ್ದು, ಎಲ್ಲ ಇತ್ತು. ಪ್ರತಿ ಸಾಲಿನ ಪಕ್ಕದಲ್ಲಿ, ಆರು ತಿಂಗಳ ನಂತರದ ತೂಕ ಬರೆಯಿರಿ ಎಂದೆ. ನೆನಪಿಸಿಕೊಂಡು ಬರೆದರು. ಪ್ರತಿ ಸಲವೂ ಇಳಿದಷ್ಟು ವಾಪಸ್ ಬಂದು, ಮೇಲೆ ಒಂದೋ ಎರಡೋ ಕೆ.ಜಿ. ಸೇರಿತ್ತು. 2016ರಲ್ಲಿ 71 ಇದ್ದವರು 78 ಆಗಿದ್ದರು. ಪುಡಿ ಮಾರಿದವರು ಕೊನೆಗೆ ಹೇಳಿದ್ದೇನು ಗೊತ್ತೇ? "ನಿಮಗೆ ಮನಸ್ಸು ಗಟ್ಟಿ ಇಲ್ಲ." ಆ ಮಾತನ್ನು ಅವರು ಇಷ್ಟು ವರ್ಷ ನಂಬಿಕೊಂಡು ಬಂದಿದ್ದರು. ನನಗೆ ನಿಜವಾಗಿಯೂ ಸಿಟ್ಟು ಬಂತು.

ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಅವತ್ತು ಒಂದು ಗಂಟೆ ಮಾತಾಡಿದೆವು. ಏಳು ದಿನದಲ್ಲಿ ಇಳಿದ ಮೂರು ಕೆ.ಜಿ.ಯಲ್ಲಿ ಹೆಚ್ಚಿನ ಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳು ಸಕ್ಕರೆಯ ಅಂಶವನ್ನು ಕೂಡಿಟ್ಟುಕೊಂಡಿರುತ್ತವೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ, ರೊಟ್ಟಿ ಬಿಟ್ಟರೆ ಆ ಸಂಗ್ರಹ ಖಾಲಿಯಾಗಿ ನೀರೂ ಹೋಗುತ್ತದೆ. ಮತ್ತೆ ಅನ್ನ ಉಂಡ ದಿನ ವಾಪಸ್ ಬರುತ್ತದೆ. ಬೊಜ್ಜು ಅಷ್ಟು ಬೇಗ ಕರಗುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಹಸಿವು. ಊಟ ತೀರಾ ಕಡಿಮೆಯಾದರೆ ದೇಹಕ್ಕೆ ಅದು ಬರಗಾಲ. ಖರ್ಚು ಕಡಿಮೆ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 50 ಜನರಿಗೆ 10 ವಾರ ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದರು. ಕೊನೆಯವರೆಗೆ ಉಳಿದವರನ್ನು ವರ್ಷದ ನಂತರ ಪರೀಕ್ಷೆ ಮಾಡಿದಾಗಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ 36 ಆರೋಗ್ಯವಂತ ಯುವಕರ ಊಟವನ್ನು ಆರು ತಿಂಗಳು ಸುಮಾರು ಅರ್ಧಕ್ಕೆ ಇಳಿಸಿ ನೋಡಿದ್ದರು. ಅವರಿಗೆ ಯಾವ ಹೊತ್ತೂ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಹಿಡಿದು ಕೂರುತ್ತಿದ್ದರು. ಮತ್ತೆ ಹೊಟ್ಟೆ ತುಂಬಾ ತಿನ್ನಲು ಬಿಟ್ಟಾಗ ಎಷ್ಟು ತಿಂದರೂ ಕೆಲವರಿಗೆ ಸಾಲುತ್ತಿರಲಿಲ್ಲ.

"ಅವರು ಗಂಡಸರಾ ಮೇಡಂ? ಅವರಿಗೂ ಹಿಂಗೇ ಆಯ್ತಾ?"

ಹೌದು, ಗಟ್ಟಿಮುಟ್ಟಾದ ಹುಡುಗರು ಎಂದೆ. ಸುಜಾತಾ ಅವರ ಮುಖದಲ್ಲಿ ಮೊದಲ ಸಲ ಒಂದು ನಿರಾಳ ಕಂಡಿತು.

ಇನ್ನೊಂದು ಗಂಟು ಮನಸ್ಸಿನದು. ಮಧ್ಯಾಹ್ನ ಅಂಗಡಿಯಲ್ಲಿ ಯಾರೋ ಕೊಟ್ಟ ಒಂದು ಮೆಣಸಿನಕಾಯಿ ಬಜ್ಜಿ ತಿಂದರೆ "ಹೆಂಗಿದ್ರೂ ಕೆಟ್ಟೋಯ್ತು, ನಾಳೆಯಿಂದ ನೋಡೋಣ" ಎಂದು ಆ ದಿನವನ್ನೇ ಕೈಬಿಡುತ್ತಿದ್ದರು. ಕಟ್ಟುನಿಟ್ಟಾಗಿ ಡಯಟ್ ಮಾಡುವ ಬಹಳ ಜನರಲ್ಲಿ ನಾನು ಇದನ್ನು ನೋಡಿದ್ದೇನೆ. ನಿಯಮ ಎಷ್ಟು ಬಿಗಿಯೋ, ಮುರಿದಾಗ ಬೀಳುವುದೂ ಅಷ್ಟೇ ಜೋರು.

ನಾನು ಡಾಕ್ಟರ್ ಅಲ್ಲ. ಅದಕ್ಕೇ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್ ಸರಿ ಇತ್ತು. ರಕ್ತದಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) 5.9 ಇತ್ತು. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ತಿಂದದ್ದನ್ನು ಬಲವಂತವಾಗಿ ವಾಂತಿ ಮಾಡುವ ಅಭ್ಯಾಸ ಇದೆಯಾ ಎಂದೂ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರವೂ ಕಳಿಸುತ್ತಿದ್ದೆ. ತಡೆಯಲಾಗದೆ ತಿನ್ನುವುದೂ ಚಿಕಿತ್ಸೆ ಇರುವ ತೊಂದರೆಯೇ. ಯಾರಿಗೂ ಹೇಳಿಕೊಳ್ಳಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನಾನು ಕೊಟ್ಟ ಮೊದಲ ಸಲಹೆ ಅವರಿಗೆ ಹೆದರಿಕೆ ಹುಟ್ಟಿಸಿತು. ನಾಲ್ಕು ವಾರ ತೂಕ ಇಳಿಸುವ ಮಾತೇ ಬೇಡ, ಮೂರು ಹೊತ್ತು ಕೂತು ಉಣ್ಣಿ, ಸಂಜೆ ಐದಕ್ಕೆ ಏನಾದರೂ ತಿನ್ನಿ ಎಂದೆ. "ಜಾಸ್ತಿ ಆದ್ರೆ?" ಎಂದರು. ದಿನಕ್ಕೆ ಮೂರು ಸಲ ತೂಕದ ಯಂತ್ರ ಹತ್ತುತ್ತಿದ್ದವರು ಸೋಮವಾರ ಬೆಳಿಗ್ಗೆ ಮಾತ್ರ ಹತ್ತಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಬೆಳಿಗ್ಗೆ ಮನೆಯವರು ತಿನ್ನುವ ತಿಂಡಿಯೇ, ಜೊತೆಗೆ ಒಂದು ಮೊಟ್ಟೆ ಅಥವಾ ಮೊಳಕೆ ಕಾಳು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ರಾತ್ರಿ ಸಣ್ಣ ಮುದ್ದೆ, ಸೊಪ್ಪಿನ ಸಾರು. ಅನ್ನ ಬಿಡಬೇಡಿ, ಆದರೆ ಪಲ್ಯ ಮೊದಲು ತಟ್ಟೆಗೆ ಬರಲಿ ಎಂದೆ. ಕಾಳು, ಮೊಟ್ಟೆ, ಸೊಪ್ಪು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತವೆ.

ಮಂಡಕ್ಕಿಯನ್ನು ಏನು ಮಾಡುವುದು? ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ ಮುಟ್ಟಬೇಡಿ ಅನ್ನುವ ಸಲಹೆ ಎಷ್ಟು ದಿನ ನಡೆದೀತು? ಅದಕ್ಕೆ ಹೊತ್ತು ಬದಲಿಸಿದೆವು. ಸಂಜೆ ಐದಕ್ಕೆ, ತಟ್ಟೆಯಲ್ಲಿ, ಈರುಳ್ಳಿ, ಟೊಮೆಟೊ, ಬೇಯಿಸಿದ ಶೇಂಗಾ ಕಲಸಿ, ಎಲ್ಲರ ಎದುರಿಗೆ. ಎರಡು ವಾರದಲ್ಲಿ ಐದು ರಾತ್ರಿ ಎರಡು ರಾತ್ರಿಗೆ ಇಳಿಯಿತು. ತಿಂಗಳು ತುಂಬಿದಾಗ ತೂಕ 78ರಲ್ಲೇ ಇತ್ತು. ಹೊಟ್ಟೆ ತುಂಬಾ ಉಂಡರೂ ಏರಿಲ್ಲ ಎನ್ನುವುದನ್ನು ಅವರಿಗೆ ನಂಬಲಾಗಲಿಲ್ಲ.

ಮೂರು ವರ್ಷದಿಂದ ಬೆಣ್ಣೆ ದೋಸೆ ತಿಂದಿರಲಿಲ್ಲ. ಮಕ್ಕಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ತಾವು ಟೀ ಕುಡಿದು ಬರುತ್ತಿದ್ದರು. ತಿಂಗಳಿಗೊಂದು ಭಾನುವಾರ ನೀವೂ ಒಂದು ತಿನ್ನಿ, ನಿಧಾನವಾಗಿ ತಿನ್ನಿ ಎಂದೆ. "ತಿಂದೆ, ಮುಗೀತು ಮೇಡಂ. ರಾತ್ರಿ ಮತ್ತೆ ಏನೂ ಬೇಕು ಅನ್ನಿಸ್ಲಿಲ್ಲ" ಎಂದು ಮುಂದಿನ ವಾರ ಬಂದು ಹೇಳಿದರು.

ಕಷ್ಟವಾದದ್ದು ಅತ್ತೆಯವರ ವಿಷಯ. ಸೊಸೆ ಬೇಡ ಅಂದರೆ ಅವರಿಗೆ ನೋವು. ಬಲವಂತವಾಗಿ ಬಡಿಸುತ್ತಿದ್ದರು. ಒಂದು ದಿನ ಅವರನ್ನೂ ಬರಹೇಳಿದೆ. ದೂರು ಹೇಳಲು ಬಂದವರು ತಮ್ಮ ಕಥೆ ಹೇಳಿದರು. ಯಜಮಾನರು ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಮುಚ್ಚಿದಾಗ ಮಕ್ಕಳಿಗೆ ಎರಡನೇ ಸಲ ಅನ್ನ ಬಡಿಸಲು ಇರುತ್ತಿರಲಿಲ್ಲವಂತೆ. "ಈಗ ದೇವರು ಕೊಟ್ಟಾನೆ. ಬಡಿಸಬ್ಯಾಡ ಅಂದ್ರೆ ಹೆಂಗಮ್ಮ?" ಎಂದು ಕೇಳಿದರು. ಆ ಕೈ ತಡೆಯಲು ನನಗೆ ಮನಸ್ಸಾಗಲಿಲ್ಲ. ಬಡಿಸಿ ಅಮ್ಮ, ಆದರೆ ಪಲ್ಯ, ಸಾರು ಬಡಿಸಿ ಎಂದೆ. ಅಕ್ಕಿ ಅರ್ಧ ಪಾವು ಕಡಿಮೆ ಹಾಕಲು ಅವರೇ ಒಪ್ಪಿದರು. ದಿನಾ ಉಳಿಯುತ್ತಿದ್ದ ಅನ್ನ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಚೆಲ್ಲಬಾರದೆಂದು ಎಲ್ಲವೂ ಸುಜಾತಾ ಅವರ ಹೊಟ್ಟೆಗೇ ಹೋಗುತ್ತಿತ್ತು. ಅನೇಕ ತಾಯಂದಿರ ತೂಕದ ಹಿಂದೆ ಈ ಉಳಿದ ಅನ್ನ ಇದೆ.

ನಡಿಗೆಗೆ ಕುಂದವಾಡ ಕೆರೆಗೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಅವರ ಮನೆಯಿಂದ ಅದು ದೂರ. ಆಟೊವನ್ನು ಒಂದು ಕಿಲೋಮೀಟರ್ ಮೊದಲೇ ಇಳಿದು ಹೋಗುವಾಗಲೂ ಬರುವಾಗಲೂ ನಡೆದರು. ಬೇಗ ನಡೆದರೆ ದಿನಕ್ಕೆ 25 ನಿಮಿಷ, ಆರು ದಿನಕ್ಕೆ 150. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ ಇಷ್ಟು ಎನ್ನುತ್ತದೆ.

ದುಗ್ಗಮ್ಮನ ಜಾತ್ರೆ ಬಂತು. ಮನೆ ತುಂಬಾ ನೆಂಟರು, ಹೋಳಿಗೆ, ಬಾಡೂಟ. ವಾರದಲ್ಲಿ ತೂಕ ಎರಡು ಕೆ.ಜಿ. ಏರಿತು. ಹಿಂದೆಲ್ಲ ಇಂಥ ಹೊತ್ತಲ್ಲೇ ಡಯಟ್ ನಿಂತುಹೋಗುತ್ತಿತ್ತು. ಈ ಸಲ ಅದೇ ವಾರ ಬಂದು ನೋಟ್‌ಬುಕ್ ನನ್ನ ಮುಂದಿಟ್ಟರು. ಉಪವಾಸ ಬೇಡ, ನಾಳೆಯ ತಿಂಡಿಯಿಂದ ಎಂದಿನ ಹಾಗೆ ಇರಿ ಎಂದೆ. ಮೂರು ವಾರದಲ್ಲಿ ಅದು ಇಳಿಯಿತು.

ಹತ್ತು ತಿಂಗಳಿಗೆ 73 ಕೆ.ಜಿ. ಸಕ್ಕರೆಯ ಸರಾಸರಿ 5.6. ಆ ನೋಟ್‌ಬುಕ್ಕಿನಲ್ಲಿ ಇಷ್ಟು ನಿಧಾನವಾಗಿ ಇಳಿದದ್ದು ಬೇರೊಂದಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಫಲ. ತೂಕದ ನೂರಕ್ಕೆ ಐದು ಭಾಗ ಇಳಿದರೂ ಸಕ್ಕರೆ, ಬಿಪಿ ಸುಧಾರಿಸುವುದುಂಟು. ರಾತ್ರಿ ಅಡುಗೆಮನೆಗೆ ಹೋಗುವುದು ಈಗ ತಿಂಗಳಿಗೆ ಒಂದೋ ಎರಡೋ ಸಲ, ಹೆಚ್ಚಾಗಿ ಗಂಡನ ಜೊತೆ ಜಗಳವಾದ ದಿನ. ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.

ಕಳೆದ ಭೇಟಿಯಲ್ಲಿ ಅವರು ಬೇರೆಯದೇ ಆತಂಕ ತಂದಿದ್ದರು. ಎಂಟನೇ ಕ್ಲಾಸಿನ ಮಗಳು ತಿಂಡಿ ಬೇಡ ಅನ್ನತೊಡಗಿದ್ದಾಳೆ. ದಪ್ಪ ಆಗ್ತೀನಿ ಅಂತಾಳೆ. "ನನ್ನನ್ನ ನೋಡೇ ಕಲ್ತಿದ್ದಾಳೆ ಮೇಡಂ" ಎಂದರು. ಮಕ್ಕಳ ಎದುರು ಯಾರ ಮೈಯ ಬಗ್ಗೆಯೂ ಮಾತು ಬೇಡ, ತೂಕದ ಯಂತ್ರ ಹಾಲ್‌ನಿಂದ ಒಳಗೆ ಹೋಗಲಿ, ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತು ನೀವೂ ತಿನ್ನಿ ಎಂದೆ. ಅದಕ್ಕಾಗಿ ಅಂಗಡಿಗೆ ಹತ್ತು ನಿಮಿಷ ತಡವಾಗಿ ಬರಲು ಮಾಲೀಕರನ್ನು ಕೇಳಿಕೊಂಡಿದ್ದಾರೆ. ಈಗ ಎಂಟೂಕಾಲಿಗೆ ತಾಯಿ ಮಗಳು ಒಟ್ಟಿಗೆ ರೊಟ್ಟಿ ತಿನ್ನುತ್ತಾರೆ. ಮಗಳು ಮೊದಲ ದಿನ ಅರ್ಧ ತಿಂದಳಂತೆ. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬರುತ್ತಾರೆ.